ಉಜ್ಜದೆ ಎರೆದ ಕೂಸು

ಕೂಸಿಗೆ ಎರೆಯುವುದು ನನ್ನ ಕಸುಬು. ಚೌಡಾಪುರದ ಸುತ್ತಲಿನ ಹಳ್ಳಿಗಳಲ್ಲಿ ಹುಟ್ಟಿದ ಕೂಸುಗಳೆಲ್ಲ ಮೂರನೇ ದಿನಕ್ಕೆ ನನ್ನ ಕಾಲ ಮೇಲೆ ಬಂದು ಬೀಳುತ್ತಿದ್ದವು. ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತು, ಕೂಸನ್ನು ಬೋರಲು ಹಾಕಿ, ಕುಸುಬಿ ಎಣ್ಣೆ ತಿಕ್ಕಿ, ಕಡಲೆಹಿಟ್ಟು ಉಜ್ಜಿ, ಬಿಸಿನೀರು ಸುರಿದು, ಲೋಬಾನದ ಹೊಗೆ ಕೊಟ್ಟು ತಾಯಿಯ ಮಗ್ಗುಲಿಗೆ ಹಾಕಿದರೆ ಅದು ಮಧ್ಯಾಹ್ನದ ತನಕ ಕಣ್ಣು ಬಿಡುತ್ತಿರಲಿಲ್ಲ. ನನ್ನ ಕೈ ಗಟ್ಟಿ. ಕೂಸು ಅತ್ತಷ್ಟೂ ಒಳ್ಳೆಯದು ಎಂದೇ ಉಜ್ಜುತ್ತಿದ್ದೆ. ಮಂದಿ ಕರೆಯುತ್ತಿದ್ದುದೂ ಅದಕ್ಕೇ. ಆ ಕೈಗೆ ಸುಮ್ಮನಿರುವುದನ್ನು ಕಲಿಸಿದ್ದು ನನ್ನ ಮನೆಯದೇ ಕೂಸು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಸೊಸೆಗೆ ಮೊದಲು ಬಾಯಿಯಲ್ಲಿ ಹುಣ್ಣಾಯಿತು. ರೊಟ್ಟಿ ಮುರಿದು ಬಾಯಿಗಿಟ್ಟರೆ ಕಣ್ಣಲ್ಲಿ ನೀರು.

"ನನ್ನ ಕೈಯಾಗಿನ ಖಾರ ಒಗ್ಗವಲ್ದೇನು? ತವರಮನ್ಯಾಗ ಬರೇ ಬೆಲ್ಲಾ ತಿಂದು ಬೆಳದೀಯೇನ ಬೇ?" ಎಂದು ಚುಚ್ಚಿದೆ.

ಆಕೆ ರೊಟ್ಟಿ ಬದಿಗಿಟ್ಟು ಅಂಬಲಿ ಕುಡಿದಳು. ಎರಡು ತಿಂಗಳಲ್ಲಿ ಬೆನ್ನಿನ ಮೇಲೂ ನೀರುಗುಳ್ಳೆ ಎದ್ದವು. ಒಡೆದ ಕಡೆಯೆಲ್ಲ ಹಸಿ ಹಸಿ. ಸರ್ಪಸುತ್ತು ಎಂದುಕೊಂಡು ನಾನು ಕೆಮ್ಮಣ್ಣು ಬಳಿದೆ. ಮಣ್ಣು ಒಣಗಿ ಉದುರುವಾಗ ಚರ್ಮವನ್ನೂ ಕಿತ್ತುಕೊಂಡು ಉದುರಿತು. ಆಮೇಲೆಯೇ ಮಗ ಆಕೆಯನ್ನು ಗುಲ್ಬರ್ಗಾದ ಬಸ್ಸಿಗೆ ಹತ್ತಿಸಿದ್ದು.

ಅಲ್ಲಿಯ ಡಾಕ್ಟರಮ್ಮ ಚರ್ಮದ ಒಂದು ಚೂರು ಕತ್ತರಿಸಿ ದೂರದ ದೊಡ್ಡ ಊರಿಗೆ ಪರೀಕ್ಷೆಗೆ ಕಳಿಸಿದಳು. ರೋಗಕ್ಕೆ ಪೆಂಫಿಗಸ್ ಎಂದು ಹೆಸರು ಬಂತು. ಮುಟ್ಟಿದರೆ ಅಂಟುವ ರೋಗವಲ್ಲ, ಆಕೆಯ ರಕ್ತವೇ ಆಕೆಯ ಚರ್ಮದ ಮೇಲೆ ಎರಗಿದೆ ಎಂದರು. ನನಗೆ ಅದು ತಲೆಗೆ ಹೋಗಲಿಲ್ಲ. ಗುಳಿಗೆಯಿಂದ ಗುಳ್ಳೆ ಇಳಿದವು, ಅಷ್ಟು ಸಾಕಾಯಿತು.

ಗುಳಿಗೆ ಇನ್ನೂ ನಡೆದಿರುವಾಗಲೇ ಸೊಸೆ ಬಸಿರಾದಳು. ಡಾಕ್ಟರಮ್ಮ ನನ್ನನ್ನೇ ಕೂರಿಸಿಕೊಂಡು ಹೇಳಿದಳು: "ಅವ್ವಾ, ಕೂಸು ಹುಟ್ಟಿದ ಕೂಡ್ಲೇ ನನಗ ತಂದು ತೋರಸ್ರಿ. ಎಣ್ಣಿ ಹಚ್ಚಿ ತಿಕ್ಕಬ್ಯಾಡ್ರಿ."

ನಾನು ಹೂಂ ಅಂದೆ. ಈಕೆ ಎಷ್ಟು ಕೂಸಿಗೆ ಎರೆದಿದ್ದಾಳೆ, ನನಗೆ ಹೇಳಲಿಕ್ಕೆ, ಎಂದು ಬಸ್ಸಿನಲ್ಲಿ ಬರುವಾಗಲೇ ಆ ಮಾತನ್ನು ಕೈಬಿಟ್ಟೆ.

ತೊಗರಿ ರಾಶಿಯ ದಿನಗಳಲ್ಲಿ, ಡಾಕ್ಟರಮ್ಮ ಹೇಳಿದ ದಿನಕ್ಕಿಂತ ಮೊದಲೇ, ಮನೆಯಲ್ಲೇ ಹೆರಿಗೆಯಾಯಿತು. ಹೆಣ್ಣು ಕೂಸು. ಹೊಟ್ಟೆಯ ಮೇಲೆ ತೊಗರಿಕಾಳಿನಷ್ಟು ದೊಡ್ಡವು ಎರಡು ಗುಳ್ಳೆ ಇದ್ದವು. ಬಸುರಿನ ಕಾವು ಎಂದೆ. ಮೂರನೇ ದಿನ ರೂಢಿಯಂತೆ ಕಾಲ ಮೇಲೆ ಹಾಕಿಕೊಂಡು ಎಣ್ಣೆ ಹಚ್ಚಿ ಬೆನ್ನು ತಿಕ್ಕಿದೆ. ಹೆಬ್ಬೆರಳ ಕೆಳಗೆ ಚರ್ಮ ಹಾಲಿನ ಕೆನೆಯಂತೆ ಸರಿಯಿತು. ಸರಿದು ಬೆರಳಿಗೆ ಅಂಟಿಕೊಂಡಿತು.

ಎಣ್ಣೆಯ ಕೈಯನ್ನು ಮೇಲೆತ್ತಿ ಹಿಡಿದೆ.

"ಏನಾತ್ರಿ ಅತ್ತಿ? ಕೂಸಿನ ದನಿ ಬ್ಯಾರೆ ಆತಲ್ಲ," ಎಂದಳು ಸೊಸೆ, ಒಳಗಿನಿಂದ.

"ಏನಿಲ್ಲ, ಮಲ್ಕೊ."

"ಏನಿಲ್ಲಂದ್ರ ಇಲ್ಲಿ ಕೊಡ್ರಿ."

ನೋಡಿದವಳು ಅಳಲಿಲ್ಲ. "ಇದು ನಂದೇ ರೋಗ," ಎಂದು ಎದ್ದು ಸೆರಗು ಸುತ್ತಿಕೊಂಡಳು. ಹಸಿ ಬಾಣಂತಿ ಹೊಸ್ತಿಲು ದಾಟಬಾರದು ಎಂದು ನಾನು ಬಾಗಿಲಿಗೆ ಅಡ್ಡ ನಿಂತೆ.

"ನೀವು ಬಂದ್ರ ಬರ್ರಿ, ಇಲ್ಲಾಂದ್ರ ನಾ ಒಬ್ಬಾಕೀನೇ ಹೋಗ್ತೇನಿ."

ಹೋದೆ. ರಸ್ತೆಯಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಪಕ್ಕದ ಮನೆಯವಳು ಕೂಸಿಗೆ ಹೊದಿಸಿದ್ದ ಸೀರೆ ಸರಿಸಿ ನೋಡಿದಳು. "ಊರ ಕೂಸಿಗೆಲ್ಲಾ ಎರಿಯಾಕಿ, ಮನೀ ಕೂಸಿನ ಚರ್ಮ ಸುಲದಿಯೇನ ಬೇ!" ಎಂದಳು. ಬೇರೆ ದಿನವಾಗಿದ್ದರೆ ಆಕೆಯ ಏಳು ತಲೆಮಾರು ಎತ್ತಾಡುತ್ತಿದ್ದೆ. ಅವತ್ತು ಸೀರೆ ಎಳೆದು ಕೂಸಿನ ಮೈ ಮುಚ್ಚಿದೆ. ಸುಲಿದದ್ದು ನಾನೇ ಎಂದು ನನಗೂ ಅನಿಸಿತ್ತು.

ಡಾಕ್ಟರಮ್ಮ ಕೂಸನ್ನು ನೋಡಿದ ಮೇಲೆ ನನ್ನ ಕಡೆ ನೋಡಿದಳು. "ತಿಕ್ಕಬ್ಯಾಡ ಅಂದಿದ್ದೆ."

"ಅಂದಿದ್ರಿ. ನಾ ಕೇಳ್ಲಿಲ್ಲ. ಬದುಕತೈತೋ ಇಲ್ಲೋ, ಅಷ್ಟು ಹೇಳ್ರಿ."

"ಗುಳ್ಳಿ ನಿಮ್ಮ ಕೈಯಿಂದ ಬಂದಿಲ್ಲ, ತಿಕ್ಕಿದ್ದಕ್ಕ ದೊಡ್ಡು ಆಗ್ಯಾವ. ಜ್ವಾಳದ ಹೊಲ ಕಾಯಾಕ ಕವಣಿ ಹಿಡದು ನಿಂತಿರ್ತಾರಲ್ರಿ? ಹಂಗ ರಕ್ತದಾಗೂ ಕಾವಲು ಇರತೈತಿ. ಹಕ್ಕಿಗೆ ಕಲ್ಲು ಒಗೀಬೇಕು. ನಿಮ್ಮ ಸೊಸಿ ಮೈಯಾಗ ಅದು ತೆನಿಗೇ ಒಗ್ಯಾಕತ್ತೈತಿ. ಚರ್ಮಾ ಒಂದಕ್ಕೊಂದು ಹಿಡಕೊಂಡಿರೋ ಅಂಟು ಬಿಡತೈತಿ, ನೀರು ತುಂಬತೈತಿ. ಆ ಕಲ್ಲೇ ಹೊಕ್ಕಳಬಳ್ಳಿ ಹಿಡದು ಕೂಸಿಗೆ ಬಂದಾವ."

"ಹಂಗಾರ ಇದೂ ಜನ್ಮಪೂರ್ತಿ ಗುಳಿಗಿ ನುಂಗಬೇಕೇನ್ರಿ?"

"ಇಲ್ರಿ. ಕೂಸಿನ ರಕ್ತಕ್ಕ ಆ ಕಲ್ಲು ಮಾಡಾಕ ಬರಂಗಿಲ್ಲ. ತಾಯಿ ಕಡಿಂದ ಬಂದಷ್ಟು ತೀರಿದ್ರ ತೀರಿತು. ಕೆಲವು ವಾರ ಬೇಕು. ಅಲ್ಲೀಮಟ ನಂಜಾಗದಂಗ ನೋಡಿಕೋಬೇಕು. ನಂಜಾತಂದ್ರ ನನ್ನ ಕೈಯಾಗೂ ಇರಂಗಿಲ್ಲ."

ಆ ಕಲ್ಲಿಗೆ ಸ್ವಪ್ರತಿಕಾಯ ಎನ್ನುತ್ತಾರಂತೆ. ಈಗ ಮೊಮ್ಮಗಳು ಬರೆದು ತೋರಿಸಿದ್ದಾಳೆ, ನೋಡಿಕೊಂಡು ಬರೆದಿದ್ದೇನೆ.

ಎಂಟು ದಿನ ಆಸ್ಪತ್ರೆಯಲ್ಲಿಟ್ಟುಕೊಂಡು ಮನೆಗೆ ಕಳಿಸಿದರು. ಹಾಲು ಕುಡಿಸಲು ಅಡ್ಡಿಯಿರಲಿಲ್ಲ, ಸೊಸೆಯ ಎದೆಯ ಮೇಲೆ ಹುಣ್ಣಿರಲಿಲ್ಲ. ಬಟ್ಟೆ ಹುಣ್ಣಿಗೆ ಅಂಟುತ್ತದೆ, ಬಾಳೆ ಎಲೆಯ ಮೇಲೆ ಮಲಗಿಸಿ ಎಂದಿದ್ದರು. ಗಾಣಗಾಪುರದ ಕಡೆ ಹೊಳೆದಂಡೆಯ ತೋಟಗಳಿಂದ ಮಗ ಸೈಕಲ್ಲಿನ ಮೇಲೆ ಎಳೆ ಎಲೆ ತರುತ್ತಿದ್ದ. ನಾನು ಅದನ್ನು ಕುದಿಯುವ ನೀರಿನಲ್ಲಿ ಅದ್ದಿ, ಆರಿಸಿ ಹಾಸುತ್ತಿದ್ದೆ. ಕೂಸನ್ನು ಎತ್ತುವಾಗ ಕಂಕುಳಿಗೆ ಕೈ ಹಾಕುವಂತಿಲ್ಲ, ಎಲೆ ಸಮೇತ ಎತ್ತಬೇಕು. ಕಾಯಿಸಿ ಆರಿಸಿದ ಉಪ್ಪುನೀರನ್ನು ಅರಳೆಯಿಂದ ಹನಿ ಹನಿ ಬಿಡುವುದೇ ಸ್ನಾನ. ಎಣ್ಣೆ, ಹಿಟ್ಟು, ಹೊಗೆ ಯಾವುದೂ ಇಲ್ಲ. ತೊಟ್ಟಿಲ ಶಾಸ್ತ್ರವನ್ನೂ ಮುಂದಕ್ಕೆ ಹಾಕಿದೆವು.

ಪಕ್ಕದ ಮನೆಯವಳು ಬಂದು ಬಾಗಿಲಲ್ಲೇ ನಿಂತಳು. "ಎಲಿ ಹಾಸೀರಿ, ಊಟಕ್ಕ ಯಾರು ಬರಾಕತ್ತಾರ?"

"ನೀನೇ ಕುಂದ್ರು. ಉಪ್ಪು ಬಡಸ್ತೇನಿ," ಎಂದೆ. ಹೆರಿಗೆಯಾದ ಮೇಲೆ ಸೊಸೆ ನಕ್ಕದ್ದು ಅದೇ ಮೊದಲು.

ದಿನಾ ಬೆಳಿಗ್ಗೆ ಬಾಗಿಲ ಬಿಸಿಲಿಗೆ ಎಲೆ ಎಳೆದುಕೊಂಡು ಇಬ್ಬರೂ ಕೂಸಿನ ಮೈ ಹುಡುಕುತ್ತಿದ್ದೆವು. ಎರಡು ದಿನ ಏನೂ ಇಲ್ಲ, ಮೂರನೇ ದಿನ ತೊಡೆಯಲ್ಲಿ ಒಂದು ಹೊಸ ಗುಳ್ಳೆ. ಸೊಸೆ ಬಾಯಿ ಮುಚ್ಚಿಕೊಂಡು ಗೋಡೆಗೆ ಮುಖ ಮಾಡಿದಳು. ನಾನು ಬೈದೆ. "ಕಲ್ಲು ತೀರೂತನಕ ಬೀಳತಾವು ಅಂತ ಡಾಕ್ಟರ್ ಹೇಳ್ಯಾಳಿಲ್ಲೋ?" ಆ ಮಾತು ಆಕೆಗಿಂತ ನನಗೇ ಹೆಚ್ಚು ಬೇಕಿತ್ತು. ಆ ಗುಳ್ಳೆ ಒಣಗಿದ ಮೇಲೆ ಇನ್ನೊಂದು ಏಳಲಿಲ್ಲ. ಮರುವಾರವೂ ಏಳಲಿಲ್ಲ. ಹಸಿಯಿದ್ದ ಬೆನ್ನಿನ ಮೇಲೆ ತೆಳು ಗುಲಾಬಿ ಚರ್ಮ ಬಂತು. ಕಪ್ಪು ಕಲೆ ಉಳಿದವು, ಅವೂ ಆಮೇಲೆ ಮಾಸಿದವು.

ಸೊಸೆಯ ರಕ್ತ ಅಷ್ಟು ಬೇಗ ಬುದ್ಧಿ ಕಲಿಯಲಿಲ್ಲ. ಬಹಳ ವರ್ಷ ಗುಳಿಗೆ ನುಂಗಿದಳು, ಕೊನೆಗೆ ಅರ್ಧಕ್ಕೆ ಇಳಿಯಿತು. ಆಕೆಯ ಪಲ್ಯವನ್ನು ಖಾರ ಹಾಕುವ ಮೊದಲೇ ತೆಗೆದಿಡುವುದು ನನಗೆ ರೂಢಿಯಾಯಿತು.

ತಿಂಗಳು ತುಂಬಿದ ಮೇಲೆ ಡಾಕ್ಟರಮ್ಮ ಕೂಸನ್ನು ತಿರುವಿ ಮುರುವಿ ನೋಡಿ, "ಇನ್ನ ಎರೀರಿ ಅವ್ವಾ, ಹಗೂರಕ," ಎಂದಳು. ಮರುದಿನ ಬಚ್ಚಲ ಕಲ್ಲಿನ ಮೇಲೆ ಕಾಲು ಚಾಚಿ ಕೂತೆ. ಕೂಸು ಕಾಲ ಮೇಲಿತ್ತು, ಕೈಯಲ್ಲಿ ಎಣ್ಣೆಯಿತ್ತು. ಹೆಬ್ಬೆರಳು ಇಳಿಯಲಿಲ್ಲ.

"ತಿಕ್ಕ್ರಿ ಅತ್ತಿ," ಎಂದಳು ಸೊಸೆ. ಈ ಸಲ ಆಕೆ ಎದುರಿಗೇ ಕೂತಿದ್ದಳು.

ಬೆನ್ನ ಮೇಲೆ ಬೆರಳಿಟ್ಟು ಎಳೆದೆ. ಚರ್ಮ ಸರಿಯಲಿಲ್ಲ. ಇನ್ನೊಂದು ಸಲ ಎಳೆದೆ. ಕೂಸು ಸಿಟ್ಟಿಗೆದ್ದು ಓಣಿಗೆಲ್ಲ ಕೇಳುವಂತೆ ಚೀರಿತು.

ಗೋಡೆಯಾಚೆಯಿಂದ ಪಕ್ಕದ ಮನೆಯವಳ ದನಿ ಬಂತು: "ಈಗ ನಿನ್ನ ಮೊಮ್ಮಗಳು ಅನಿಸ್ತು ನೋಡು!"

ನಾನು ಮತ್ತಿಷ್ಟು ಎಣ್ಣೆ ತಗೊಂಡೆ.