ಮಲಗಿ ನೋಡಿ ಗಾಡಿ ಕೊಳ್ಳುವ ಚಿರ್ವಾ

ಸರೋವರದಂಚಿನ ನ್‌ಕಾಟಾ ಬೇಯ ದಡದಲ್ಲಿ ಇನ್ನೂ ಮಬ್ಬುಗತ್ತಲೆ. ಲುಸುಂಗು ಚಿರ್ವಾ ತಮ್ಮ ಪಿಕಪ್ ಗಾಡಿಯನ್ನು ಇಳಿಜಾರಿನಲ್ಲೇ ನಿಲ್ಲಿಸಿದ್ದಾರೆ. ಸಮತಟ್ಟಿನಲ್ಲಿ ನಿಂತರೆ ಅದು ಮತ್ತೆ ಹೊರಡುವ ಭರವಸೆ ಇಲ್ಲ. ಒಣಗಿದ ಉಸಿಪಾ ಮೀನಿನ ಬುಟ್ಟಿಗಳು ಹಿಂದೆ ಏರಿವೆ, ಬುಟ್ಟಿಗಳ ಮೇಲೆ ಹೆಂಗಸರು ಏರಿದ್ದಾರೆ. ಚಿರ್ವಾ ಚಕ್ರಕ್ಕೆ ಕೊಟ್ಟ ಕಲ್ಲು ತೆಗೆದು, ಗಾಡಿ ಉರುಳುತ್ತಿದ್ದಂತೆ ಒಳಗೆ ಹಾರಿ ಕೂತು ಕ್ಲಚ್ ಬಿಡುತ್ತಾರೆ. ಅದು ಕೆಮ್ಮಿ ಕೆಮ್ಮಿ ಕೊನೆಗೆ ಜೀವ ಹಿಡಿಯುತ್ತದೆ. ಹಗ್ಗದಲ್ಲಿ ಬಿಗಿದ ಹಿಂಬಾಗಿಲು ದಾರಿಯುದ್ದಕ್ಕೂ ಬಡಿದುಕೊಳ್ಳುತ್ತಲೇ ಇರುತ್ತದೆ.

ಮುಂದಿನ ಸೀಟಿನಲ್ಲಿ ಎಸ್ನಾಟ್, ತೊಡೆಯ ಮೇಲೆ ಮುಚ್ಚಿದ ಗಂಜಿ ಪಾತ್ರೆ. ಆಕೆಯ ಅಣ್ಣ, ದೋಣಿ ನಡೆಸುವ ಯೊಹಾನೆ ಲೊಂಗ್ವೆ, ಬೆಟ್ಟದ ಮೇಲಿನ ಮುಜುಜು ಆಸ್ಪತ್ರೆಯಲ್ಲಿದ್ದಾರೆ. ಆರಡಿ ಮೀರಿದ ಆಳು. ಇನ್ನು ಏಳುವುದಿಲ್ಲ ಎಂದು ಡಾಕ್ಟರು ಹೇಳಿಯಾಗಿದೆ.

"ಅಣ್ಣಾ, ಬೇರೆ ಗಾಡಿ ಸಿಕ್ತಾ?" ಎಸ್ನಾಟ್ ಚಿರ್ವಾರನ್ನು ಕೇಳುತ್ತಾರೆ.

"ನೋಡ್ತಾ ಇದೀನಮ್ಮಾ."

"ಬೇಗ ನೋಡಪ್ಪ. ನಿನ್ನೆ ಅವನೂ ಕೇಳ್ದ."

ಯೊಹಾನೆ ಯಾಕೆ ಕೇಳಿದರು ಎಂಬುದು ಗಾಡಿಯಲ್ಲಿದ್ದ ಎಲ್ಲರಿಗೂ ಗೊತ್ತು. ಈ ದಡದವರು ಪಟ್ಟಣದ ಆಸ್ಪತ್ರೆಯಲ್ಲಿ ತೀರಿಕೊಂಡರೆ ಊರಿಗೆ ತರುವುದು ಚಿರ್ವಾ ಗಾಡಿಯೇ. ಬಾಡಿಗೆ ಇಲ್ಲ; ಮನೆಯವರಿಗೆ ಶಕ್ತಿಯಿದ್ದರೆ ಡೀಸೆಲ್ ಹಾಕಿಸುತ್ತಾರೆ. ಶವದ ಪೆಟ್ಟಿಗೆ ನಡುವೆ ಮಲಗಬೇಕು, ಎರಡೂ ಬದಿಗೆ ಹೆಂಗಸರು ಕೂತು ಮುಚ್ಚಳದ ಮೇಲೆ ಕೈಯಿಟ್ಟು ಘಾಟಿ ಇಳಿಯುವವರೆಗೂ ಹಾಡಬೇಕು, ಹಿಂಬಾಗಿಲು ಮುಚ್ಚಿರಬೇಕು. ಸತ್ತವರು ಮನೆಗೆ ಒಬ್ಬರೇ ಬರಬಾರದು, ಅಷ್ಟೇ ಇಲ್ಲಿನ ಕಟ್ಟಳೆ. ಈ ಕೆಲಸಕ್ಕಾಗಿ ಚಿರ್ವಾಗೆ ಯಾರೂ ಶಾಲು ಹೊದಿಸಿಲ್ಲ. ಇಷ್ಟು ವರ್ಷ ಇದೇ ಗಾಡಿಯಲ್ಲಿ ಓಡಾಡಿದ, ಪತ್ರಿಕೆಗೆ ಬರೆಯುವ ನಾನೂ ಇವರ ಬಗ್ಗೆ ಬರೆದಿರಲಿಲ್ಲ, ಇನ್ನೊಬ್ಬರನ್ನು ಏನೆಂದು ಬೈಯಲಿ?

ಹಳೆಯ ಗಾಡಿಯ ಕಥೆ ಮುಗಿದಿದೆ. ಏರಿನಲ್ಲಿ ಹೆಂಗಸರು ಹೇಳಿಸಿಕೊಳ್ಳದೆಯೇ ಇಳಿದು ನಡೆಯುತ್ತಾರೆ. ಇಳಿಜಾರಿನಲ್ಲಿ ಬ್ರೇಕು ಕಾದು ವಾಸನೆ ಬರುತ್ತದೆ. ಹೋದ ತಿಂಗಳು ಪೆಟ್ಟಿಗೆ ಹೊತ್ತೇ ತಿರುವಿನಲ್ಲಿ ನಿಂತುಬಿಟ್ಟಿತ್ತು.

"ಮಧ್ಯಾಹ್ನದಿಂದ ಸಂಜೆವರೆಗೆ ರಸ್ತೆ ಬದೀಲಿ," ಎನ್ನುತ್ತಾರೆ ಚಿರ್ವಾ. "ಹಾಡಿ ಹಾಡಿ ಹೆಂಗಸರ ಗಂಟಲು ಒಣಗ್ಹೋಯ್ತು. ಹೋಗಿ ಬರೋರೆಲ್ಲ ನಿಲ್ಸಿ ಗಾಡಿಗೇನಾಯ್ತು ಅಂತ ಕೇಳೋರೇ. ಸತ್ತೋರ್ನ ಯಾರೂ ಕೇಳ್ಲಿಲ್ಲ. ಸಾಕಾಗಿದೆ ಕಣ್ರೀ ನಂಗೆ."

ಮೀನು ಇಳಿಸಿದ ಮೇಲೆ ಅವರ ಎರಡನೇ ಕೆಲಸ ಶುರು: ಮುಜುಜುವಿನ ಹಳೇ ಗಾಡಿ ಅಂಗಡಿಗಳ ಸುತ್ತಾಟ. ತಿಂಗಳುಗಳಿಂದ ಸುತ್ತಿ ಚಪ್ಪಲಿ ಸವೆದಿದೆ. ಬರುವುದೆಲ್ಲ ಡಬಲ್ ಕ್ಯಾಬ್. ಒಳಗೆ ಎರಡು ಸಾಲು ಸೀಟು, ಹಿಂದೆ ಸಾಮಾನಿಗೆ ಗೇಣು ಜಾಗ. ಬೇರೆಯವರು ಮೊದಲು ಎಂಜಿನ್ ನೋಡುತ್ತಾರೆ. ಚಿರ್ವಾ ಚಪ್ಪಲಿ ಬಿಟ್ಟು ಹಿಂಬದಿಗೆ ಹತ್ತಿ, ಎದೆಯ ಮೇಲೆ ಕೈಕಟ್ಟಿ ಅಂಗಾತ ಮಲಗುತ್ತಾರೆ. ಪಾದ ಒಳಗಿರಬೇಕು, ಪಾದದಾಚೆ ಇನ್ನೂ ಅಂಗೈಯಗಲ ಮಿಗಬೇಕು. ಆಮೇಲೆ ಅಂಗಡಿಯವನಿಗೆ ಗಾಡಿ ಅಲುಗಾಡಿಸಲು ಹೇಳುತ್ತಾರೆ.

"ಏಳ್ರೀ ಯಜಮಾನ್ರೇ, ಇನ್ನೂ ಬೋಣಿ ಆಗಿಲ್ಲ!" ಎಂದು ಒಬ್ಬ ಕೂಗಿಕೊಂಡಿದ್ದ. ಈಗ ಇವರನ್ನು ದೂರದಲ್ಲಿ ಕಂಡರೇ "ಹೆಣದ ಗಿರಾಕಿ ಬಂದ" ಎಂದು ನಗುತ್ತಾರೆ.

"ನಗ್ಲಿ ಬಿಡಿ," ಎನ್ನುತ್ತಾರೆ ಚಿರ್ವಾ. "ಟೇಪ್ ಹಿಡಿದ್ರೆ ಉದ್ದ ಗೊತ್ತಾಗುತ್ತೆ, ಕುಲುಕು ಗೊತ್ತಾಗಲ್ಲ."

ಇವತ್ತು ಹೆಂಡತಿ ತಾವೊಂಗಾ ಜೊತೆಗಿದ್ದಾರೆ. ಮದುವೆಯಾದಾಗಿನಿಂದ ಆಕೆ ಗಂಡನ ಗಾಡಿಯಲ್ಲಿ ಕೂತದ್ದು ಮೀನಿನ ಬುಟ್ಟಿಗಳ ಮೇಲೆಯೇ. ಮುಂದಿನ ಸೀಟು ರೋಗಿಗೋ, ಬಸುರಿಗೋ, ಮನೆಯವರನ್ನು ಕಳೆದುಕೊಂಡವರಿಗೋ ಮೀಸಲು. ಈಗ ಎರಡೂ ಮಂಡಿ ಊದಿವೆ. ಅಂಗಡಿಯ ಖುಂಬೊ ಬಿಳಿ ಡಬಲ್ ಕ್ಯಾಬ್ ತೋರಿಸುತ್ತಾನೆ. ಚಿರ್ವಾ ಬಾಗಿಲು ತೆಗೆದು ಎರಡನೇ ಸಾಲಿನ ಸೀಟನ್ನು ಅಂಗೈಯಲ್ಲಿ ಒತ್ತಿ ಒತ್ತಿ ನೋಡುತ್ತಾರೆ. ಹಿಂಬದಿಗೆ ಹೋಗುವುದೇ ಇಲ್ಲ.

"ಇದೇ ಆಗ್ಲಿ."

"ಇವತ್ತು ಮಲಗಲ್ವಾ ಯಜಮಾನ್ರೇ?" ಖುಂಬೊ ಕಿಚಾಯಿಸುತ್ತಾನೆ.

"ಇಲ್ಲಪ್ಪ. ಸುಸ್ತಾಗಿದೆ."

ತಾವೊಂಗಾ ಗಂಡನ ಮುಖ ನೋಡುತ್ತಾರೆ. "ಯಾಕೆ ಮಲಗ್ಲಿಲ್ಲ ನೀವು?"

"ನಿನ್ನ ಮಂಡಿ ನೋಡಿ ನೋಡಿ ಸಾಕಾಗಿದೆ ಕಣೇ. ಇನ್ಮೇಲಾದ್ರೂ ಒಳಗೆ ಕೂತ್ಕೋ."

"ಮತ್ತೆ ಯೊಹಾನೆ?"

"ಬೇರೆ ಯಾರದಾದ್ರೂ ಗಾಡಿ..." ಎನ್ನುತ್ತ ಚಿರ್ವಾ ಸೀಟನ್ನು ಮತ್ತೆ ಒತ್ತುತ್ತಾರೆ.

ತಾವೊಂಗಾ ಸೊಂಟದ ಬಟ್ಟೆ ಬಿಗಿದು, ಅಯ್ಯೋ ಅಮ್ಮಾ ಎನ್ನುತ್ತ ಹಿಂಬದಿಗೆ ಹತ್ತುತ್ತಾರೆ. ಆಮೇಲೆ, ನಾವೆಲ್ಲ ನೋಡುತ್ತಿದ್ದಂತೆ, ಮಲಗಿಯೇ ಬಿಡುತ್ತಾರೆ. ಹಿಮ್ಮಡಿ ಅಂಚಿನಾಚೆ ಇಣುಕುತ್ತದೆ.

"ಊರಿಗೆಲ್ಲ ಕುಳ್ಳಿ ನಾನು. ನಾನೇ ಹಿಡಿಯಲ್ಲ, ಆ ಉದ್ದಾನುದ್ದ ಮನುಷ್ಯ ಎಲ್ಲಿ ಹಿಡೀತಾನೆ?" ಆಕಾಶ ನೋಡುತ್ತಲೇ ಮಾತು ಮುಂದುವರಿಸುತ್ತಾರೆ. "ನಿಮ್ಮ ಗಾಡಿ ರಿಪೇರಿಗೆ ಬಿಟ್ಟಾಗ ಅವ್ವನ್ನ ಇಂಥದ್ರಲ್ಲೇ ಅಲ್ವಾ ತಂದಿದ್ದು? ಪೆಟ್ಟಿಗೆ ಹೊರಗೆ ಚಾಚಿತ್ತು, ಪಕ್ಕದಲ್ಲಿ ಕೂರೋಕೆ ಜಾಗ ಇಲ್ಲ. ನಾನು ಮೆತ್ತನೆ ಸೀಟಲ್ಲಿ, ಗಾಜು ಏರಿಸ್ಕೊಂಡು. ಅವ್ವ ಹಿಂದೆ ಒಬ್ಳೇ. ಅವತ್ತು ನನ್ನ ಮಂಡಿ ಒಂಚೂರೂ ನೋಯ್ಲಿಲ್ಲ. ಅದು ಇವತ್ತಿಗೂ ಚುಚ್ಚುತ್ತೆ ಕಣ್ರೀ."

ಚಿರ್ವಾ ಕೈ ಕೊಟ್ಟು ಆಕೆಯನ್ನು ಇಳಿಸಿಕೊಳ್ಳುತ್ತಾರೆ. ಕಿಚಾಯಿಸುತ್ತಿದ್ದ ಖುಂಬೊ ತಲೆ ಕೆರೆದುಕೊಂಡು, "ಹಿಂದೆ ಒಂದಿದೆ, ತೋರ್ಸೋಕೆ ನಾಚಿಕೆ ಆಗ್ತಿತ್ತು" ಎಂದು ಅಂಗಳದ ಮೂಲೆಗೆ ಕರೆದೊಯ್ಯುತ್ತಾನೆ. ಬಣ್ಣ ಮಾಸಿದ ನೀಲಿ ಗಾಡಿ, ಒಂದೇ ಸಾಲು, ಸೀಟು ಹರಿದು ಸ್ಪಂಜು ಹೊರಬಂದಿದೆ. ಆದರೆ ಹಿಂಬದಿ ಉದ್ದವಾಗಿದೆ. ಚಿರ್ವಾ ಚಪ್ಪಲಿ ಬಿಟ್ಟು ಮಲಗುತ್ತಾರೆ. ಪಾದದಾಚೆ ಅಂಗೈಯಗಲಕ್ಕಿಂತ ಹೆಚ್ಚೇ ಮಿಗುತ್ತದೆ. ಯಾರೂ ಕೇಳದಿದ್ದರೂ ಖುಂಬೊ ತಾನೇ ಬಂದು ಗಾಡಿ ಅಲುಗಾಡಿಸುತ್ತಾನೆ. ಎಂಜಿನ್ ನೋಡಿದ್ದು ಆಮೇಲೆ.

ಹಳೆಯದನ್ನು ಅಲ್ಲೇ ಬಿಟ್ಟು ಹೊರಡುವಾಗ ತಾವೊಂಗಾ ಮುಂದಿನ ಸೀಟಿನಲ್ಲಿ ಕೂರುತ್ತಾರೆ. ಹರಿದ ಸೀಟಿನ ಮೇಲೆ ರಾಣಿಯ ಹಾಗೆ ಕೂತು, "ಇಲ್ಲಿಂದ ರಸ್ತೆ ಬೇರೇನೇ ಕಾಣುತ್ತಲ್ರೀ" ಎಂದು ನಗುತ್ತಾರೆ. ಗಾಡಿ ಇನ್ನೂ ಸಂತೆಬೀದಿ ದಾಟಿರಲಿಲ್ಲ, ಫೋನು ಬಂತು. ಎಸ್ನಾಟ್. ಚಿರ್ವಾ ಕೇಳಿಸಿಕೊಂಡು, "ಬಂದೆ ತಾಯಿ" ಎಂದಷ್ಟೇ ಹೇಳಿ ಗಾಡಿ ತಿರುಗಿಸಿದರು.

ಆಸ್ಪತ್ರೆಯ ಹಿಂದಿನ ಗೇಟಿನಲ್ಲಿ ಕಾಯುತ್ತ ಸಂಜೆಯಾಗುತ್ತದೆ. ಪೆಟ್ಟಿಗೆ ಬರುತ್ತಿದ್ದಂತೆ ತಾವೊಂಗಾ ಮಂಡಿ ಹಿಡಿದುಕೊಂಡು ಕೆಳಗಿಳಿಯುತ್ತಾರೆ. ಅತ್ತು ಬಳಲಿದ ಎಸ್ನಾಟ್‌ರನ್ನು ಆ ಸೀಟಿನಲ್ಲಿ ಕೂರಿಸಿ, ಹಿಂಬದಿಗೆ ಹತ್ತಲು ಹೋಗುತ್ತಾರೆ. ನಾನು ಕೈ ಚಾಚಿದರೆ, "ಬಿಡಿ, ನಂಗೆ ಅಭ್ಯಾಸ." ಯೊಹಾನೆಯ ಪಕ್ಕ ಕೂತು ಮುಚ್ಚಳದ ಮೇಲೆ ಕೈಯಿಡುತ್ತಾರೆ. ಸುದ್ದಿ ಕೇಳಿ ಬಂದ ಮೀನಿನ ಹೆಂಗಸರು ಎದುರಿಗೆ ಕೂರುತ್ತಾರೆ, ಹಾಡು ಮೆಲ್ಲಗೆ ಏಳುತ್ತದೆ.

ಕೇಳಬಾರದ ಹೊತ್ತು ಅದು, ಆದರೂ ಕೇಳಿದೆ: ಚಿರ್ವಾ, ನಿಮಗೇನಾದರೂ ಆಸೆ?

"ಆಸೆನಾ? ಒಂದಿನ ಖಾಲಿ ಗಾಡೀಲಿ ಅವಳೊಬ್ಳನ್ನೇ ಮುಂದೆ ಕೂರಿಸ್ಕೊಂಡು ಊರ್ ಸೇರ್ಬೇಕು. ಇವತ್ತೇ ಆಗ್ತಿತ್ತು, ನೋಡಿ."

ಹಿಂಬಾಗಿಲನ್ನು ಎತ್ತಿ ತಳ್ಳುತ್ತಾರೆ. ಒಂದೇ ಸಲಕ್ಕೆ ಮುಚ್ಚಿಕೊಳ್ಳುತ್ತದೆ. ಹಳೇ ಗಾಡಿಯಿಂದ ಬಿಚ್ಚಿ ತಂದಿದ್ದ ಹಗ್ಗ ಅಭ್ಯಾಸಬಲದಿಂದ ಕೈಗೆ ಬಂದಿದೆ. ಬಾಗಿಲನ್ನು ಮತ್ತೊಮ್ಮೆ ಜೋರಾಗಿ ಅಲುಗಿಸಿ ನೋಡುತ್ತಾರೆ, ಅದು ಬಡಿದುಕೊಳ್ಳುವುದಿಲ್ಲ; ಹಗ್ಗವನ್ನು ಸುತ್ತಿ ಜೇಬಿಗಿಳಿಸುತ್ತಾರೆ.

"ಕೇಳಿ," ಎನ್ನುತ್ತಾರೆ ನನಗೆ, "ಹಾಡು ಬಿಟ್ರೆ ಬೇರೆ ಸದ್ದೇ ಇಲ್ಲ."