ಹೊಟ್ಟೆಕಿಚ್ಚಿನ ಹೊತ್ತು ಯಾವ ಕಾಲಮ್ಮಿಗೆ?

೧೯೮೪, ಮೇ ತಿಂಗಳ ಒಂದು ಶನಿವಾರ, ಬೆಳಿಗ್ಗೆ ಎಂಟು ಗಂಟೆ. ಸ್ಪರ್ಧೆ ಶುರುವಾದದ್ದು ಆಗ. ನನ್ನ ಹೊಟ್ಟೆಕಿಚ್ಚು ಶುರುವಾದದ್ದು ಎಂಟೂ ಹತ್ತಕ್ಕೆ.

ಭಾನುವಾರ ಸಂಜೆಯೊಳಗೆ ರಟ್ಟು, ಬಣ್ಣ, ಕವಡೆಗಳಲ್ಲಿ ಹೊಸದೊಂದು ಆಟ ಕಟ್ಟಬೇಕು. ಗೆದ್ದ ಆಟವನ್ನು ನಮ್ಮ ಸಾಗರದ ಯುವಕ ಸಂಘದವರು ಅಚ್ಚು ಹಾಕಿಸಿ, ಕಟ್ಟಿದವರ ಹೆಸರಿನ ಸಮೇತ ಅಂಗಡಿಗಳಿಗೆ ಕೊಡುತ್ತಾರೆ. ಆ ಹೆಸರು ನನ್ನದೇ ಆಗಬೇಕೆಂದು ನಾನು ಯಾವಾಗಲೋ ತೀರ್ಮಾನಿಸಿಬಿಟ್ಟಿದ್ದೆ. ದೂರದಿಂದ ಬಸ್ಸಿನಲ್ಲಿ ಬರುವವರಿಗೆ ಅನ್ಯಾಯವಾಗಬಾರದೆಂದು ಎಲ್ಲರ ದುಡಿಮೆಗೂ ಹದಿನಾಲ್ಕು ಗಂಟೆಯ ಮಿತಿ. ಕರಿಹಲಗೆಯ ಮೇಲೆ ಹೆಸರಿನ ಮುಂದೆ ‘ದುಡಿಮೆ’, ‘ವಿಶ್ರಾಂತಿ’ ಎಂದು ಎರಡು ಕಾಲಮ್ಮು; ಅವರವರ ಹೊತ್ತು ಅವರವರೇ ಬರೆದುಕೊಳ್ಳುವುದು. ಕೊನೆಗೆ ಆಟ ಆಡಿ ನೋಡಿದ ಜನರ ಓಟು; ಓಟು ಸಮವಾದರೆ ಕಡಿಮೆ ದುಡಿದವರಿಗೆ ಗೆಲುವು. ಕ್ಷೌರದ ತಾರೀಕನ್ನೂ ಬರೆದಿಡುವ ನಾನು ಈ ನಿಯಮಕ್ಕೆ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದ್ದೆ.

ಹೊಸನಗರದ ನಾಗವೇಣಿ ಬಂದವಳೇ ಜಗಲಿಯಲ್ಲಿ ಕಾಲು ಚಾಚಿ ಹಲಸಿನ ಹಪ್ಪಳ ಮುರಿಯುತ್ತ ಕೂತಳು. ಕತ್ತರಿ ಹಿಡಿದಾಗ ಮಾತ್ರ ‘ದುಡಿಮೆ’ ಎಂದು ಬರೆದಳು. ನಾನೋ, ಚಹಾ ಕುಡಿಯುವಾಗಲೂ ಯೋಚಿಸುವವನು. ಅದನ್ನೂ ದುಡಿಮೆಗೇ ಸೇರಿಸಿದೆ. ಅಳಗುಳಿಮಣೆ, ಚೌಕಾಬಾರ ಕಟ್ಟಿದವರು ಎಷ್ಟು ಗಂಟೆ ಯೋಚಿಸಿದರೆಂದು ಯಾರೂ ಬರೆದಿಟ್ಟಿಲ್ಲ. ಬರೆದಿಟ್ಟಿದ್ದರೆ ನನ್ನಂಥವರಿಗೆ ಒಂದು ಆಧಾರವಾದರೂ ಇರುತ್ತಿತ್ತು.

ನನ್ನ ಆಟ ಕೆಳದಿಯ ಕೋಟೆ ಮುತ್ತಿಗೆ. ನಿಯಮಗಳೇ ನಾಲ್ಕು ಪುಟ. ಅವಳದು ಸಾಗರದಿಂದ ತೀರ್ಥಹಳ್ಳಿಗೆ ಹೊರಟ ಎರಡು ಪ್ರೈವೇಟ್ ಬಸ್ಸುಗಳ ಪೈಪೋಟಿ. ಕವಡೆ ಹಾಕಿ ಪ್ಯಾಸೆಂಜರ್ ಹತ್ತಿಸಿಕೊಳ್ಳಬೇಕು. ಅಜ್ಜಿಯೊಬ್ಬಳು ಮೂಟೆ ಸಮೇತ ಕೈ ಅಡ್ಡ ಹಿಡಿದರೆ ಒಂದು ಸರದಿ ಖೋತಾ. ನನ್ನ ಕೋಟೆಯ ಮುಂದೆ ಕೂತಿದ್ದವರೆಲ್ಲ ಎದ್ದು ಆ ಬಸ್ಸಿನ ಹಿಂದೆ ಹೋದರು.

ಆದರೂ ಓಟು ಹಾಕುವಾಗ ಸಾಗರದವರು ಊರಿನ ಮಾನ ಕಾಯ್ದರು: ಇಬ್ಬರಿಗೂ ಹನ್ನೊಂದು. ಹಲಗೆ ನೋಡಿದರೆ ನನ್ನದು ಹದಿನಾಲ್ಕು ಗಂಟೆ, ಅವಳದು ಆರು.

“ಯೋಚನೆಯೂ ದುಡಿಮೆಯೇ! ಅವಳು ಜಗಲಿಯಲ್ಲಿ ಯೋಚಿಸಿದ್ದನ್ನೂ ಸೇರಿಸಬೇಕು,” ಎಂದೆ ನಾನು.

“ನಾ ಹಪ್ಪಳ ತಿಂತಿದ್ದೆ ಮಾರಾಯ,” ಎಂದಳು ನಾಗವೇಣಿ. “ನೀನು ಕಿಟಕೀಲಿ ನನ್ನ ಆಟನೇ ನೋಡ್ತಾ ಹೊಟ್ಟೆ ಉರ್ಕೊಂಡ್ಯಲ್ಲ, ಅದನ್ನೂ ದುಡಿಮೆಗೆ ಬರ್ಕೊಂಡ್ಯಾ?”

ಸಭೆ ಗೊಳ್ಳೆಂದಿತು. ತೀರ್ಪುಗಾರರಾಗಿ ಬಂದಿದ್ದ ತೀರ್ಥಹಳ್ಳಿಯ ಮೇಷ್ಟ್ರು ಮಾತ್ರ ನಗದೆ ಸೀಮೆಸುಣ್ಣ ನನ್ನ ಕಡೆ ಚಾಚಿದರು. “ಹೌದೇನೋ ತಮ್ಮಾ? ಹಂಗಾದ್ರೆ ಅದು ದುಡಿಮೆ ಅಲ್ಲ, ಕಳೆದುಬಿಡು. ಎಷ್ಟು ಹೊತ್ತು ಹೇಳು.”

ಒಂಬತ್ತು ಗಂಟೆ. ಕಳೆದರೆ ಐದು ಉಳಿಯುತ್ತದೆ, ಆರಕ್ಕಿಂತ ಒಂದು ಕಡಿಮೆ. ಗೆದ್ದೆ! ಆದರೆ ಅಷ್ಟು ಜನರ ಎದುರು, ಅದರಲ್ಲೂ ಅವಳೆದುರು, “ಒಂಬತ್ತು ಗಂಟೆ ಹೊಟ್ಟೆ ಉರಿದುಕೊಂಡೆ” ಎಂದು ಬಾಯಿಬಿಡಬೇಕಲ್ಲ.

“ಹದಿನಾಲ್ಕೂ ದುಡಿಮೆಯೇ ಸಾರ್,” ಎಂದೆ.

ಈಗ ಪೇಟೆಯ ಪ್ರತಿ ಅಂಗಡಿಯಲ್ಲೂ ನಾಗವೇಣಿಯ ಬಸ್ಸು ನೇತಾಡುತ್ತಿದೆ. ಕಂಡಾಗಲೆಲ್ಲ ಒಳಗೆ ಚುರ್ ಎನ್ನುತ್ತದೆ. ಇದನ್ನು ದುಡಿಮೆ ಎನ್ನೋಣವೆಂದರೆ ಕೆಲಸವೇನೂ ಆಗುವುದಿಲ್ಲ. ವಿಶ್ರಾಂತಿ ಎನ್ನೋಣವೆಂದರೆ ಇಷ್ಟು ಸುಸ್ತು ಇನ್ಯಾವುದರಲ್ಲೂ ಇಲ್ಲ. ಯಾವ ಕಾಲಮ್ಮಿಗೆ ಸೇರಿಸಬೇಕೆಂದು ಬಲ್ಲ ಓದುಗರು ದಯವಿಟ್ಟು ಒಂದು ಕಾರ್ಡು ಬರೆಯಿರಿ. ಹೊಸನಗರದವರು ಬರೆಯದಿದ್ದರೂ ನಡೆಯುತ್ತದೆ.