ಅಜ್ಜ ತುರುಕಿದ್ದ ಖಾಕಿ ಬಟ್ಟೆ

ಡೊಂಬಿವ್ಲಿಯ ನಮ್ಮ ಸಾಲುಮನೆಗಳ ಚಾಳು ಕೆಡವುತ್ತಾರೆಂದು ಸಾಮಾನು ಕಟ್ಟುತ್ತಿದ್ದೆ. ದೇವರ ಗೂಡಿನಿಂದ ಹಳೇ ಕರ್ಪೂರದ ವಾಸನೆ ಬಂತು. ಅಲ್ಲೇ ಇತ್ತು, ಅಜ್ಜ ಬರ್ಮಾ ಯುದ್ಧದಿಂದ ತಂದಿದ್ದ ಮರದ ಸಾಮಾನು. ಮೈತುಂಬ ಬಳ್ಳಿಯ ಕೆತ್ತನೆ, ಪೊಳ್ಳು ಹೊಟ್ಟೆಗೆ ಗಟ್ಟಿಯಾಗಿ ತುರುಕಿದ ಖಾಕಿ ಬಟ್ಟೆ.

ಅದೇನೆಂದು ಅಜ್ಜ ಎಂದೂ ಹೇಳಲಿಲ್ಲ. "ಆ ಕಡೆಯ ಯಾವುದೋ ದೈವ ಇರಬೇಕು, ಮುನಿಸಿಕೊಳ್ಳುವುದು ಬೇಡ" ಎಂದು ಅಜ್ಜಿ ದಿನಾ ಕುಂಕುಮ ಹಚ್ಚುತ್ತಿದ್ದರು.

ಚಿಕ್ಕಂದಿನಲ್ಲಿ ಒಮ್ಮೆ ನಾನು ಬಟ್ಟೆಯ ತುದಿ ಎಳೆದೆ. ಎಂದೂ ಗದರದ ಅಜ್ಜ ಓಡಿಬಂದು ನನ್ನ ಕೈ ಹಿಡಿದುಕೊಂಡರು.

"ತೆಗೀಬೇಡ ಮಗಾ, ಅವರಿಗೆ ಕೇಳ್ತದೆ."

"ಯಾರಿಗೆ ಅಜ್ಜ?"

ಅಜ್ಜ ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿದರು.

ಮೊನ್ನೆ ಅದನ್ನು ಮಹಾಪೆಯ ಆಫೀಸಿನಲ್ಲಿ ಮಣಿಪುರದ ಗೆಳೆಯನಿಗೆ ತೋರಿಸಿದೆ. "ಅರೇ, ಯೇ ತೋ ಭೈಂಸ್ ಕೀ ಘಂಟೀ ಹೈ!" ಎಂದ. ಎಮ್ಮೆಯ ಕೊರಳಿನ ಗಂಟೆ. ಯುದ್ಧದಲ್ಲಿ ಎಮ್ಮೆಗಳೊಡನೆ ಕಾಡಿನೊಳಗೆ ಅಡಗಿದವರು ವೈರಿಗಳಿಗೆ ಸದ್ದು ಕೇಳದಿರಲೆಂದು ಅದಕ್ಕೆ ಬಟ್ಟೆ ತುರುಕುತ್ತಿದ್ದರೆಂದು ಅವನ ಅಜ್ಜಿ ಹೇಳುತ್ತಿದ್ದರಂತೆ.

ಮನೆಗೆ ಬಂದು ಬಟ್ಟೆ ಎಳೆದು ಅಲುಗಿಸಿದೆ. ಟೊಕ್, ಟೊಕ್. ಚಾಳಿನಲ್ಲಿ ಈಗ ಬೇರೆ ಯಾರೂ ಇಲ್ಲ. ಆದರೂ ಬಟ್ಟೆಯನ್ನು ಮತ್ತೆ ತುರುಕಿ, ಎದ್ದು ಹೋಗಿ ಚಿಲಕ ಹಾಕಿದೆ.